ಓದುಗರ ಪ್ರಶ್ನೆ: ಸುತ್ತುವ ಮುನ್ನ ಬಟ್ಟೆ ನೋಡಿ

ರಂಜಾನ್ ಹಬ್ಬದ ಆಸುಪಾಸಿನಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಹಿಜಾಬಿನ ತೊಡುಗೆಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ತಲೆವಸ್ತ್ರ ಎಷ್ಟು ಉದ್ದವಿರಬೇಕು, ಯಾವ ಅಲಂಕಾರ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಧಾರ್ಮಿಕ ಪ್ರಶ್ನೆಗಳೂ ಕೆಲವು ಬಂದಿವೆ. ಅವನ್ನು ನಿಮ್ಮ ಊರಿನ ಉಲೆಮಾಗಳ ಬಳಿ ಕೇಳುವುದೇ ಸರಿಯಾದ ಕ್ರಮ. ಇಲ್ಲಿ ಬಟ್ಟೆ, ಬಣ್ಣ, ಹೊಲಿಗೆ ಮತ್ತು ಪಿನ್ನುಗಳ ಮಾತು ಮಾತ್ರ.

ಪ್ರಶ್ನೆ: ಅಕ್ಕ, ನಾನು ಪದವಿ ವಿದ್ಯಾರ್ಥಿನಿ. ಮೊಬೈಲಿನಲ್ಲಿ ನೋಡಿ ಜಾರ್ಜೆಟ್ ಶಾಲನ್ನು ಹಲವು ಬಗೆಯಲ್ಲಿ ಸುತ್ತಲು ಕಲಿತಿದ್ದೇನೆ. ಕನ್ನಡಿಯ ಮುಂದೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಶಾಲು ಹಣೆಯಿಂದ ಹಿಂದಕ್ಕೆ ಜಾರಿರುತ್ತದೆ, ಕುತ್ತಿಗೆಯ ಬಳಿ ಬೆವರಿಗೆ ಅಂಟಿಕೊಂಡಿರುತ್ತದೆ. ಪಿನ್ನು ಹೆಚ್ಚಿಸಿದರೂ ಪ್ರಯೋಜನವಾಗಿಲ್ಲ. ಏನು ಮಾಡಲಿ?
— ಪುತ್ತೂರು

ಉತ್ತರ: ನೀವು ಸುತ್ತುವ ಕ್ರಮದಲ್ಲಿ ದೋಷ ಹುಡುಕುವ ಮೊದಲು ಕೈಯಲ್ಲಿರುವ ಬಟ್ಟೆಯನ್ನು ಪರೀಕ್ಷಿಸಿ. ಜಾರ್ಜೆಟ್ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುವ ಶಾಲುಗಳಲ್ಲಿ ಹೆಚ್ಚಿನವು ಸೂರತ್ತಿನಿಂದ ಬರುವ ಪಾಲಿಯೆಸ್ಟರ್ ಬಟ್ಟೆ. ಪಾಲಿಯೆಸ್ಟರ್ ನೂಲು ಬೆವರನ್ನು ಹೀರಿಕೊಳ್ಳುವುದಿಲ್ಲ. ಹೀರದ ಬೆವರು ಚರ್ಮಕ್ಕೂ ಬಟ್ಟೆಗೂ ನಡುವೆ ನಿಲ್ಲುತ್ತದೆ, ಅದರಿಂದ ಕುತ್ತಿಗೆಯ ಬಳಿ ಅಂಟುತ್ತದೆ, ತಲೆಯ ಮೇಲೆ ಜಾರುತ್ತದೆ. ನೀವು ನೋಡುವ ವಿಡಿಯೊಗಳಲ್ಲಿ ಬಹಳಷ್ಟು ಹವಾನಿಯಂತ್ರಿತ ಕೋಣೆಯಲ್ಲಿ ತೆಗೆದವು ಎಂಬುದನ್ನೂ ಮರೆಯಬೇಡಿ. ದಕ್ಷಿಣ ಕನ್ನಡದ ಏಪ್ರಿಲ್ ತಿಂಗಳಿಗೆ ಆ ಶಾಲುಗಳು ಹೇಳಿದ್ದಲ್ಲ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ನೀರಿನ ಬಾಟಲಿಯಿಂದ ಒಂದು ಹನಿಯನ್ನು ಬೆರಳ ತುದಿಗೆ ತೆಗೆದುಕೊಂಡು ಬಟ್ಟೆಯ ಅಂಚಿಗೆ ಮುಟ್ಟಿಸಿ. ಹತ್ತಿ, ಇಲ್ಲವೇ ಸಾಮಾನ್ಯವಾಗಿ ಮರದ ತಿರುಳಿನಿಂದ ತಯಾರಾಗುವ ಮೆತ್ತನೆಯ ವಿಸ್ಕೋಸ್ ಅಥವಾ ಮೋಡಲ್ ಆಗಿದ್ದರೆ ಹನಿ ಆ ಕ್ಷಣವೇ ಹರಡಿ ಕಲೆಯಂತಾಗುತ್ತದೆ. ಪಾಲಿಯೆಸ್ಟರ್ ಆಗಿದ್ದರೆ ಸಾಮಾನ್ಯವಾಗಿ ಹನಿ ಸ್ವಲ್ಪ ಹೊತ್ತು ಗುಂಡಾಗಿ ಮೇಲೆಯೇ ನಿಂತು, ನೀವು ಬಟ್ಟೆಯನ್ನು ಓರೆ ಮಾಡಿದರೆ ಉರುಳುತ್ತದೆ. ಮನೆಯಲ್ಲಾದರೆ ಅಂಚಿನ ಎರಡು ಎಳೆಗಳನ್ನು ಕಿತ್ತು ಸುಟ್ಟು ನೋಡಬಹುದು. ಹತ್ತಿಯೂ ವಿಸ್ಕೋಸೂ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತವೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವರು ಏನೇ ಹೆಸರು ಹೇಳಲಿ, ಈ ಎರಡು ಪರೀಕ್ಷೆಗಳು ಸುಳ್ಳು ಹೇಳುವುದು ಕಡಿಮೆ.

ದಿನಬಳಕೆಗೆ ಹತ್ತಿಯ ವಾಯ್ಲ್, ಮಲ್‌ಮಲ್ ಅಥವಾ ಮೋಡಲ್ ಶಾಲುಗಳನ್ನು ಆರಿಸಿಕೊಳ್ಳಿ. ನಮ್ಮ ಕರಾವಳಿಯಷ್ಟೇ ಸೆಕೆಯಿರುವ ಮಲೇಷ್ಯಾದಲ್ಲಿ ಹೆಂಗಸರು ಕಚೇರಿಗೂ ಶಾಲೆಗೂ ತೊಡುವ ತುಡುಂಗ್ ಎಂಬ ಚೌಕಾಕಾರದ ತಲೆವಸ್ತ್ರಗಳಲ್ಲಿ ಬಹಳಷ್ಟು ವಾಯ್ಲ್ ಬಟ್ಟೆಯವೇ ಆಗಿರುವುದಕ್ಕೆ ಹವೆಯೂ ಒಂದು ಕಾರಣ. ವಿಸ್ಕೋಸ್ ಮೆತ್ತಗಿದ್ದು ಚೆನ್ನಾಗಿ ಇಳಿಬೀಳುತ್ತದೆಯಾದರೂ ಒದ್ದೆಯಾದಾಗ ಅದರ ನೂಲು ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಒಗೆದು ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ತೆಗೆಯಿರಿ.

ಇನ್ನು ಜಾರುವಿಕೆ. ಒಳಗೆ ತೊಡುವ ಟೋಪಿ ನುಣುಪಾದ ಸ್ಯಾಟಿನ್‌ನದಾಗಿದ್ದರೆ ಯಾವ ಶಾಲೂ ನಿಲ್ಲುವುದಿಲ್ಲ. ಹತ್ತಿ–ಲೈಕ್ರಾ ಮಿಶ್ರಣದ ಹೊಸೈರಿ ಟೋಪಿಯನ್ನು ಕೂದಲಿನ ಗೆರೆಗಿಂತ ತುಸು ಮುಂದಕ್ಕೆ ಬರುವಂತೆ ತೊಟ್ಟು, ಅದರ ಮೇಲೆ ಶಾಲನ್ನು ಒಂದು ತುದಿ ಎದೆಯವರೆಗೆ ಗಿಡ್ಡವಾಗಿಯೂ ಇನ್ನೊಂದು ತುದಿ ಉದ್ದವಾಗಿಯೂ ಇಳಿಯುವಂತೆ ಹೊದೆಯಿರಿ. ಗದ್ದದ ಕೆಳಗೆ ಒಂದು ಪಿನ್ನು ಹಾಕಿದ ಮೇಲೆ ಉದ್ದನೆಯ ತುದಿಯನ್ನು ಗದ್ದದ ಕೆಳಗಿನಿಂದ ಎದುರು ಬದಿಗೆ ಒಯ್ದು ನೆತ್ತಿಯ ಹಿಂಭಾಗಕ್ಕೆ ತಂದು, ಅಲ್ಲಿ ಶಾಲು ಮತ್ತು ಟೋಪಿ ಎರಡನ್ನೂ ಕಚ್ಚುವಂತೆ ಎರಡನೆಯ ಪಿನ್ನು ಹಾಕಿ. ಬಟ್ಟೆ ಸರಿಯಾಗಿದ್ದರೆ ಈ ಎರಡು ಪಿನ್ನು ಸಂಜೆಯವರೆಗೆ ಸಾಕು.

ಪಿನ್ನಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಎರಡೂ ಕೈಗಳು ಶಾಲಿನ ಮೇಲಿರುವಾಗ ಪಿನ್ನನ್ನು ತುಟಿಗಳ ನಡುವೆ ಕಚ್ಚಿ ಹಿಡಿಯುವ ಅಭ್ಯಾಸ ಬಹಳ ಮಂದಿಗಿದೆ. ಹಾಗೆ ಹಿಡಿದ ಗುಂಡುಪಿನ್ನು ಮಾತಾಡುವಾಗಲೋ ನಗುವಾಗಲೋ ಉಸಿರಿನೊಡನೆ ಒಳಗೆ ಹೋಗಿ ಶ್ವಾಸನಾಳದಲ್ಲಿ ಸಿಕ್ಕಿಕೊಂಡ ಪ್ರಕರಣಗಳು ಟರ್ಕಿ, ಈಜಿಪ್ಟ್ ಮೊದಲಾದ ದೇಶಗಳ ವೈದ್ಯರಿಗೆ ಎಷ್ಟು ಪರಿಚಿತವೆಂದರೆ, ವೈದ್ಯಕೀಯ ಪತ್ರಿಕೆಗಳಲ್ಲಿ ಅದರ ಮೇಲೆ ಪ್ರತ್ಯೇಕ ಲೇಖನಗಳೇ ಬಂದಿವೆ. ತೊಂದರೆಗೊಳಗಾದವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನ ಹುಡುಗಿಯರು. ಮಣಿಕಟ್ಟಿಗೆ ಕಟ್ಟುವ ದರ್ಜಿಗಳ ಪಿನ್‌ಕುಶನ್ ಕಡಿಮೆ ಬೆಲೆಗೆ ಸಿಗುತ್ತದೆ, ಅದನ್ನು ಕನ್ನಡಿಯ ಪಕ್ಕ ಇಟ್ಟುಕೊಳ್ಳಿ.

ಪ್ರಶ್ನೆ: ಮೇಡಂ, ಇತ್ತೀಚೆಗೆ ಬಂದಿರುವ ಆಯಸ್ಕಾಂತದ ಪಿನ್ನುಗಳು ಒಳ್ಳೆಯವೇ?
— ಶಿವಮೊಗ್ಗ

ಉತ್ತರ: ಬಟ್ಟೆಗೆ ತೂತು ಬೀಳುವುದಿಲ್ಲ, ಬೆವರಿಗೆ ತುಕ್ಕು ಹಿಡಿದು ಕಲೆಯಾಗುವ ಭಯ ಕಡಿಮೆ ಎಂಬ ಕಾರಣಕ್ಕೆ ರೇಷ್ಮೆ ಮತ್ತು ಶಿಫಾನ್‌ಗೆ ಅವು ಉತ್ತಮ. ಆದರೆ ದಪ್ಪ ಬಟ್ಟೆಯ ನಾಲ್ಕು ಪದರಗಳನ್ನು ಅವು ಹಿಡಿಯಲಾರವು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅವನ್ನು ತೊಡಬಾರದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವನ್ನು ಡಬ್ಬಿಯಲ್ಲಿಟ್ಟು ಎತ್ತರದಲ್ಲಿ ಇಡಿ, ಏಕೆಂದರೆ ಎರಡು ಆಯಸ್ಕಾಂತಗಳನ್ನು ನುಂಗಿದ ಮಗುವಿನ ಕರುಳಿನೊಳಗೆ ಅವು ಒಂದನ್ನೊಂದು ಸೆಳೆದು ಕರುಳನ್ನೇ ತೂತು ಮಾಡಬಲ್ಲವು.

ಪ್ರಶ್ನೆ: ನಾನು ದಿನವೂ ಸ್ಕೂಟರಿನಲ್ಲಿ ಕಚೇರಿಗೆ ಹೋಗುತ್ತೇನೆ. ಹೆಲ್ಮೆಟ್ ಹಾಕಿದರೆ ಹಿಜಾಬ್ ಹಾಳಾಗುತ್ತದೆ, ಹಿಜಾಬಿನ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಕಚೇರಿಯಲ್ಲಿ ಅಚ್ಚುಕಟ್ಟಾಗಿ ಕಾಣಬೇಕೆಂಬ ಆಸೆ. ದಾರಿ ತೋರಿಸಿ.
— ಬೆಂಗಳೂರು

ಉತ್ತರ: ಎರಡು ಕೆಲಸಕ್ಕೆ ಒಂದೇ ತೊಡುಗೆಯನ್ನು ನೆಚ್ಚಿಕೊಂಡಿರುವುದರಿಂದ ಈ ತೊಂದರೆ. ದಾರಿಗೆ ಒಂದು, ಕಚೇರಿಗೆ ಇನ್ನೊಂದು ಇಟ್ಟುಕೊಳ್ಳಿ. ಸ್ಕೂಟರಿನ ಮೇಲೆ ಕುತ್ತಿಗೆಯನ್ನೂ ಮುಚ್ಚುವ ತೆಳುವಾದ ಜರ್ಸಿಯ ಒಳಟೋಪಿ ಸಾಕು. ಅದು ಹೆಣೆದ ಬಟ್ಟೆಯಾದ್ದರಿಂದ ಹಿಗ್ಗುತ್ತದೆ, ಒಂದೇ ಪದರವಿರುತ್ತದೆ, ಪಿನ್ನು ಬೇಡ. ಹೆಲ್ಮೆಟ್ ಒಳಗೆ ಪಿನ್ನು ಮತ್ತು ಗಟ್ಟಿ ಕ್ಲಿಪ್ಪು ಇರಲೇಬಾರದು. ಬಿದ್ದಾಗ ಏಟಿನ ಬಲವೆಲ್ಲ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ. ಕೂದಲನ್ನು ನೆತ್ತಿಯಲ್ಲಿ ಗಂಟು ಹಾಕುವ ಬದಲು ಹೆಲ್ಮೆಟಿನ ಅಂಚಿಗಿಂತ ಕೆಳಗೆ, ಹೆಡಕಿನ ಬಳಿ ಸಡಿಲವಾದ ಜಡೆಯಾಗಿ ಇಳಿಬಿಡಿ. ನೆತ್ತಿಯ ಗಂಟಿನ ಮೇಲೆ ಕೂತ ಹೆಲ್ಮೆಟ್ ತಲೆಯ ಮೇಲೆ ತೇಲುತ್ತಿರುತ್ತದೆಯೇ ಹೊರತು ಕಾಪಾಡುವುದಿಲ್ಲ.

ಹೆಲ್ಮೆಟ್ ಕೊಳ್ಳುವಾಗ ಆ ಒಳಟೋಪಿಯನ್ನು ತೊಟ್ಟುಕೊಂಡೇ ಅಂಗಡಿಗೆ ಹೋಗಿ ಅಳತೆ ನೋಡಿ. ಐಎಸ್‌ಐ ಗುರುತಿರಲಿ, ಗದ್ದದ ಪಟ್ಟಿ ಬಟ್ಟೆಯ ಹೊರಗಿನಿಂದ ಹಾದುಹೋಗಲಿ. ದುಪಟ್ಟಾ, ಅಬಾಯಾ ಎಂಬ ಉದ್ದ ನಿಲುವಂಗಿಯ ಅಂಚು, ಶಾಲಿನ ತುದಿ ಯಾವುದೂ ಹಿಂದಿನ ಚಕ್ರದ ಕಡೆಗೆ ಹಾರಾಡದಂತೆ ಜಾಕೆಟ್ಟಿನೊಳಗೆ ಸಿಕ್ಕಿಸಿರಬೇಕು. ಇದನ್ನು ಸೊಬಗಿನ ಅಂಕಣದಲ್ಲಿ ಏಕೆ ಬರೆಯುತ್ತೀರಿ ಎಂದು ಯಾರಾದರೂ ಕೇಳಿಯಾರು. ಚಕ್ರಕ್ಕೆ ಸಿಕ್ಕಿದ ದುಪಟ್ಟಾದಿಂದ ಆಗುವ ಅಪಘಾತಗಳು ನಮ್ಮ ರಸ್ತೆಗಳಲ್ಲಿ ಹೊಸವಲ್ಲ, ಅದಕ್ಕೆ.

ಕಚೇರಿಯ ಶಾಲನ್ನು ಮಡಿಸದೆ ಉರುಳೆಯಾಗಿ ಸುತ್ತಿ ಚೀಲದಲ್ಲಿಡಿ, ಗೆರೆ ಬೀಳುವುದಿಲ್ಲ. ಒಳಟೋಪಿ ಆಗಲೇ ತಲೆಯ ಮೇಲಿರುವುದರಿಂದ ಅದರ ಮೇಲೆ ಶಾಲು ಹೊದ್ದು ಎರಡು ಪಿನ್ನು ಹಾಕಲು ಹೆಚ್ಚು ಹೊತ್ತು ಬೇಡ. ಕುರ್ತಾದ ಬಣ್ಣಗಳಲ್ಲಿ ಅತಿ ಕಡಿಮೆ ಕಾಣುವ ಬಣ್ಣವನ್ನು, ಉದಾಹರಣೆಗೆ ಹೂವಿನ ಮುದ್ರೆಯ ನಡುವಿನ ಚುಕ್ಕೆಯ ಬಣ್ಣವನ್ನು, ಶಾಲಿಗೆ ಆರಿಸಿದರೆ ಎರಡೂ ಒಂದಕ್ಕೊಂದು ಹೊಂದುತ್ತವೆ. ಮುಖದ ಆಕಾರ ದುಂಡೋ ಉದ್ದವೋ ಎಂದು ನೋಡಿ ಶೈಲಿ ಸೂಚಿಸುವ ಚಿತ್ರಪಟಗಳು ಬಹಳ ಓಡಾಡುತ್ತಿವೆ. ಅವುಗಳ ಬಗ್ಗೆ ನನಗೆ ನಂಬಿಕೆಯಿಲ್ಲ.

ಪ್ರಶ್ನೆ: ನನ್ನ ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆಯೊಂದಿದೆ, ಕಪ್ಪು ಇಳಕಲ್ ಸೀರೆಯೊಂದಿದೆ. ಕತ್ತರಿಸಿ ಹಿಜಾಬ್ ಮಾಡಿಕೊಳ್ಳಬೇಕೆಂದಿದ್ದೇನೆ. ಅಂಚಿಗೆ ಕಸೂತಿ ಹಾಕಿಸುವ ಯೋಚನೆಯೂ ಇದೆ. ಸಾಧ್ಯವೇ?
— ಧಾರವಾಡ

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು ನಿಮ್ಮದು. ಮೊದಲು ಬೇಡ ಎನ್ನಬೇಕಾದದ್ದನ್ನು ಹೇಳಿಬಿಡುತ್ತೇನೆ: ಮೈಸೂರು ಸಿಲ್ಕನ್ನು ಕತ್ತರಿಸಬೇಡಿ. ಆ ಕ್ರೇಪ್ ರೇಷ್ಮೆ ನುಣುಪಾಗಿದ್ದು ತಲೆಯ ಮೇಲೆ ನಿಲ್ಲುವುದಿಲ್ಲ, ಬೆಳ್ಳಿ–ಚಿನ್ನ ಬೆರೆತ ಅದರ ಜರಿಯ ಅಂಚು ಗದ್ದದ ಕೆಳಗೆ ಉಜ್ಜಿ ಕೆಂಪಗೆ ಮಾಡುತ್ತದೆ, ಮತ್ತು ಕತ್ತರಿಸಿದ ಬಳಿಕ ಆ ಸೀರೆಗಿದ್ದ ಬೆಲೆ ಮರಳಿ ಬಾರದು. ಅದನ್ನು ಸೀರೆಯಾಗಿಯೇ ಉಟ್ಟು, ಅದಕ್ಕೆ ಹೊಂದುವ ಸಾದಾ ಮೋಡಲ್ ಹಿಜಾಬ್ ತೊಡಿ.

ಇಳಕಲ್ ಸೀರೆಯ ಒಡಲು ಹತ್ತಿಯದಾಗಿದ್ದರೆ ಅದಕ್ಕಿಂತ ಒಳ್ಳೆಯ ಬಟ್ಟೆ ನಿಮಗೆ ಸಿಗಲಿಕ್ಕಿಲ್ಲ. ಸೀರೆಯ ಅಗಲ ಸಾಮಾನ್ಯವಾಗಿ 115 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ, ಚೌಕದ ಹಿಜಾಬಿಗೆ ಬೇಕಾದ ಅಳತೆಯೂ ಸರಿಸುಮಾರು ಅಷ್ಟೇ. ಹೀಗಾಗಿ ಅಡ್ಡಕ್ಕೆ ಕತ್ತರಿಸಿದರೆ ಸಾಕು, ಸೀರೆಯ ಎರಡು ಬದಿಯ ಅಂಚುಗಳು ಚೌಕದ ಎರಡು ಬದಿಗಳಾಗಿ ತಾವಾಗಿಯೇ ಒದಗುತ್ತವೆ. ಉಳಿದ ಎರಡು ಬದಿಗೆ ಪೀಕೋ ಮಾಡಿಸಿದರೆ ಮುಗಿಯಿತು. ಐದೂವರೆ ಮೀಟರಿನ ಸೀರೆಯಲ್ಲಿ ಇಂಥ ನಾಲ್ಕು ಚೌಕಗಳಾಗಿ ಇನ್ನೂ ತುಸು ಬಟ್ಟೆ ಉಳಿಯುತ್ತದೆ. ಕೆಂಪು–ಬಿಳಿಯ ತೋಪ್ ತೆನಿ ಸೆರಗನ್ನು ಮಾತ್ರ ಬೇರೆಯಾಗಿ ತೆಗೆದಿಡಿ. ಅದರಲ್ಲಿ ಹಬ್ಬಕ್ಕೆ ತೊಡುವ ಒಂದು ಹಿಜಾಬ್ ಆಗುತ್ತದೆ, ಆದರೆ ಅದರ ಜೊತೆ ಸಾದಾ ಉಡುಪನ್ನೇ ತೊಡಬೇಕು.

ಈಗ ಕಸೂತಿ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುವುದು ನಿಮ್ಮ ಭಾಗದ ಹಳೆಯ ರೂಢಿ, ಆದ್ದರಿಂದ ಕಪ್ಪು ಹಿಜಾಬಿನ ಮೇಲೆ ಅದು ಹೊರಗಿನದಾಗಿ ಕಾಣುವುದಿಲ್ಲ. ಕಸೂತಿಯ ನಾಲ್ಕು ಹೊಲಿಗೆಗಳಾದ ಗವಂತಿ, ಮುರ್ಗಿ, ನೇಗಿ ಮತ್ತು ಮೆಂತಿಗಳಲ್ಲಿ ಹಿಜಾಬಿಗೆ ಹೇಳಿ ಮಾಡಿಸಿದವು ಮೊದಲ ಎರಡು. ಗವಂತಿಯಲ್ಲಿ ಸೂಜಿ ಒಂದು ಎಡೆ ಬಿಟ್ಟು ಒಂದು ಎಡೆಯನ್ನು ತುಂಬುತ್ತ ಮುಂದೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಎಡೆಗಳನ್ನು ತುಂಬುತ್ತದೆ. ಎಲ್ಲಿಯೂ ಗಂಟು ಹಾಕುವುದಿಲ್ಲ. ಮುರ್ಗಿಯೂ ಅದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಇದರಿಂದಾಗಿ ಬಟ್ಟೆಯ ಎರಡೂ ಮಗ್ಗುಲಲ್ಲಿ ಚಿತ್ತಾರ ಒಂದೇ ರೀತಿ ಮೂಡುತ್ತದೆ. ಸೀರೆಯಲ್ಲಿ ಇದು ಕೈಚಳಕದ ಮಾತಾಯಿತು, ಹಿಜಾಬಿನಲ್ಲಿ ಅಗತ್ಯದ ಮಾತು. ಏಕೆಂದರೆ ಭುಜದ ಮೇಲೆ ತಿರುಗಿ ಬೀಳುವ ತುದಿ ಯಾವಾಗಲೂ ಒಳಮಗ್ಗುಲನ್ನು ತೋರಿಸುತ್ತದೆ. ಯಂತ್ರದ ಕಸೂತಿ ಹಾಕಿಸಿದ ಹಿಜಾಬುಗಳು ಅಗ್ಗವಾಗಿ ಕಾಣುವುದು ಆ ಒಳಮಗ್ಗುಲಿನ ದಾರದ ಗೋಜಲಿನಿಂದಲೇ. ನೇಗಿ ಮತ್ತು ಮೆಂತಿ ಹಿಂಬದಿಯಲ್ಲಿ ಬೇರೆಯಾಗಿ ಕಾಣುತ್ತವೆ, ಅವು ಬೇಡ.

ಖರ್ಚನ್ನು ಅರ್ಧಕ್ಕೆ ಇಳಿಸುವ ಉಪಾಯವೂ ಇದೆ. ಚೌಕವನ್ನು ಕರ್ಣದ ಗುಂಟ ಮಡಿಸಿ ತ್ರಿಕೋನ ಮಾಡಿದಾಗ ಮೇಲಿನ ಪದರದಲ್ಲಿ ಹೊರಗೆ ಕಾಣುವುದು ಬೆನ್ನಿನ ಮೂಲೆಯಲ್ಲಿ ಕೂಡುವ ಎರಡು ಬದಿಗಳು ಮಾತ್ರ. ಆ ಎರಡು ಬದಿಗೂ ಮೂಲೆಗೂ ಕಸೂತಿ ಹಾಕಿಸಿ, ಕೆಳಪದರದ ಎರಡು ಬದಿಗಳನ್ನು ಸಾದಾ ಬಿಡಿ. ಹಣೆಯ ಮೇಲೆ ಬರುವ ಮಡಿಕೆಯ ಬಳಿ ಏನೂ ಬೇಡ. ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಜಾರ್ಜೆಟ್ ಅಥವಾ ಶಿಫಾನಿನ ಮೇಲೆ ನೇರವಾಗಿ ಕಸೂತಿ ಮೂಡಿಸುವುದು ಕಷ್ಟ ಎಂಬುದನ್ನು ಆರ್ಡರ್ ಕೊಡುವ ಮುನ್ನ ನೆನಪಿಡಿ. ಗೋಪುರ, ತೇರು, ಆನೆ, ನವಿಲುಗಳ ಜೊತೆಗೆ ಕಸೂತಿಯಲ್ಲಿ ಬರಿಯ ಗೆರೆ–ಕೋನಗಳ ಅಂಚುಗಳು ಬೇಕಾದಷ್ಟಿವೆ. ಜೀವಿಗಳ ಚಿತ್ರ ಬೇಡವೆನ್ನುವ ಮನೆಯವರಿಗೆ ಅವೇ ಸಾಕು, ಮತ್ತು ನನ್ನ ಕಣ್ಣಿಗೆ ಕಪ್ಪಿನ ಮೇಲೆ ಅವೇ ಹೆಚ್ಚು ಒಪ್ಪುತ್ತವೆ.

ಪ್ರಶ್ನೆ: ನಾನು ಟರ್ಕಿ ಶೈಲಿಯಲ್ಲಿ ಚೌಕದ ರೇಷ್ಮೆ ಸ್ಕಾರ್ಫ್ ಕಟ್ಟುತ್ತೇನೆ. ಅತ್ತೆಯವರು, ‘ಇದು ನಮ್ಮದಲ್ಲ, ಫ್ಯಾಷನ್ ಮಾಡಬೇಡ’ ಎನ್ನುತ್ತಾರೆ. ಅವರಿಗೆ ಏನು ಹೇಳಲಿ?
— ಕಲಬುರಗಿ

ಉತ್ತರ: ಅತ್ತೆ–ಸೊಸೆಯರ ನಡುವೆ ತೀರ್ಪು ಕೊಡಲು ನಾನು ಬರುವುದಿಲ್ಲ. ಆದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ಒಪ್ಪಿಕೊಂಡೇ ಮಾತು ಆರಂಭಿಸುವುದು ಒಳಿತು. ತಲೆ ಮುಚ್ಚುವ ಬಟ್ಟೆ ಊರೂರಿಗೆ ಬೇರೆ. ಮಲಬಾರಿನ ಮಾಪಿಳ್ಳೆ ಮುಸ್ಲಿಂ ಹೆಂಗಸರಿಗೆ ಸೊಂಟಕ್ಕೆ ಸುತ್ತುವ ಕಾಚಿ, ಮೇಲಂಗಿಯಾದ ಕುಪ್ಪಾಯಂ ಜೊತೆಗೆ ತಲೆಗೆ ತಟ್ಟಂ ಇತ್ತು; ಕೊಲ್ಲಿಯ ಅರಬರಿಗೆ ಅಬಾಯಾದೊಡನೆ ಶೇಲಾ ಎಂಬ ಉದ್ದನೆಯ ಶಾಲು; ಇರಾನಿಗೆ ತಲೆಯಿಂದ ಮೈತುಂಬ ಹೊದೆಯುವ ಚಾದರ್. ನಿಮ್ಮ ಕಲಬುರಗಿ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಊರು. ಆರು ಗಜದ ಖಡಾ ದುಪಟ್ಟಾವನ್ನು ಮದುಮಗಳಿಗೆ ತೊಡಿಸಿ ಅದರ ಒಂದೊಂದು ನೆರಿಗೆಯನ್ನೂ ಪಿನ್ನು ಮಾಡಿ ನಿಲ್ಲಿಸುವ ಹೈದರಾಬಾದಿ ಕಲೆಗಾರಿಕೆಯನ್ನು ಅತ್ತೆಯವರು ತಮ್ಮ ಕಾಲದ ಮದುವೆಗಳಲ್ಲಿ ಕಂಡೇ ಇರುತ್ತಾರೆ. ಅದಕ್ಕಿಂತ ದೊಡ್ಡ ಫ್ಯಾಷನ್ ಯಾವುದಿದೆ ಎಂದು ನೀವು ಮೆಲ್ಲಗೆ ಕೇಳಬಹುದು. ಆ ದುಪಟ್ಟಾ ಹೇಗೆ ನಿಲ್ಲುತ್ತದೆ ಎಂದು ಅವರಿಂದಲೇ ಕಲಿಯಲು ಕೇಳಿದರೆ ಇನ್ನೂ ಒಳ್ಳೆಯದು.

ಹೊರಗಿನ ಲೋಕದಲ್ಲಿ ಇದು ದೊಡ್ಡ ವ್ಯಾಪಾರವಾಗಿ ಬೆಳೆದದ್ದು ಈಚಿನ ಸಂಗತಿ. ಜಪಾನಿನ ಯುನಿಕ್ಲೋ ಸಂಸ್ಥೆ ವಿನ್ಯಾಸಕಿ ಹಾನಾ ತಾಜಿಮಾ ಅವರೊಂದಿಗೆ ಸೇರಿ ಹಿಜಾಬ್ ಸಹಿತವಾದ ಉಡುಪುಗಳನ್ನು 2015ರಲ್ಲಿ ಮಾರುಕಟ್ಟೆಗೆ ತಂದಿತು. ಇಟಲಿಯ ಡೋಲ್ಚೆ ಆಂಡ್ ಗಬಾನಾ 2016ರ ಆರಂಭದಲ್ಲಿ ಅಬಾಯಾ–ಹಿಜಾಬ್ ಸಂಗ್ರಹ ಪ್ರಕಟಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಡೋನೇಷ್ಯಾದ ಅನೀಸಾ ಹಸಿಬುವಾನ್ ನ್ಯೂಯಾರ್ಕ್ ಫ್ಯಾಷನ್ ವೀಕ್‌ನಲ್ಲಿ ತಮ್ಮ ಎಲ್ಲ ರೂಪದರ್ಶಿಯರಿಗೂ ಹಿಜಾಬ್ ತೊಡಿಸಿದರು. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡಿ ಯಂಗ್ ಮ್ಯೂಸಿಯಂ ಸಮಕಾಲೀನ ಮುಸ್ಲಿಂ ಉಡುಪುಗಳದ್ದೇ ಪ್ರದರ್ಶನ ಏರ್ಪಡಿಸಿತು. ಇವೆಲ್ಲದರಿಂದ ನಮಗೆ ಸಿಕ್ಕ ಲಾಭ ಒಂದಿದೆ, ಒಳ್ಳೆಯ ಜರ್ಸಿ ಮತ್ತು ಮೋಡಲ್ ಬಟ್ಟೆಗಳು ಈಗ ಬೆಂಗಳೂರಿನ ಶಿವಾಜಿನಗರದಲ್ಲೂ ಸುಲಭವಾಗಿ ಸಿಗುತ್ತವೆ. ನಷ್ಟವೂ ಇದೆ. ಎಲ್ಲ ಊರಿನ ಹುಡುಗಿಯರೂ ಅದೇ ಮಸುಕು ಕಂದು, ಅದೇ ಬೂದು ಬಣ್ಣದಲ್ಲಿ ಓಡಾಡುವಂತಾಗಿದೆ. ನಮ್ಮ ಚರ್ಮಕ್ಕೆ ಸಾಸಿವೆ ಹಳದಿ, ನೇರಳೆ, ಗಾಢ ಹಸಿರು ಎಷ್ಟು ಒಪ್ಪುತ್ತವೆ!

ಟರ್ಕಿ ಶೈಲಿಗೆ ಒಂದು ಸಲಹೆ. ಅಲ್ಲಿನ ಸ್ಕಾರ್ಫ್ ಹಣೆಯ ಮೇಲೆ ಗೋಪುರದಂತೆ ನಿಲ್ಲುವುದು ಒಳಗಿನ ಬಿಗಿಯಾದ ಟೋಪಿ ಮತ್ತು ದಟ್ಟವಾಗಿ ನೇಯ್ದ ಟ್ವಿಲ್ ರೇಷ್ಮೆಯಿಂದ. ತೆಳು ಸ್ಯಾಟಿನ್‌ನಲ್ಲಿ ಅದನ್ನು ಮಾಡಲು ಹೋದರೆ ಮಧ್ಯಾಹ್ನದ ಹೊತ್ತಿಗೆ ಕುಸಿದಿರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಆ ರೇಷ್ಮೆಯನ್ನು ಸಂಜೆಗೆ ಇಟ್ಟುಕೊಂಡು ಹಗಲಿಗೆ ಹತ್ತಿ ತೊಡಿ.

ಪ್ರಶ್ನೆ: ಮಗಳ ನಿಕಾಹ್ ಹತ್ತಿರವಾಗಿದೆ. ಅವಳಿಗೆ ಹಿಜಾಬ್ ಬಿಡಲು ಮನಸ್ಸಿಲ್ಲ, ನಮಗೆ ಚಿನ್ನವೂ ಮಲ್ಲಿಗೆಯೂ ಕಾಣಬೇಕೆಂಬ ಆಸೆ. ಬ್ಯೂಟಿ ಪಾರ್ಲರಿನವರು ಎರಡೂ ಒಟ್ಟಿಗೆ ಆಗುವುದಿಲ್ಲ ಎನ್ನುತ್ತಾರೆ.
— ಮಂಗಳೂರು

ಉತ್ತರ: ಖಂಡಿತ ಆಗುತ್ತದೆ, ಆದರೆ ತೂಕವನ್ನು ಹೊರುವುದು ಯಾವುದು ಎಂಬುದನ್ನು ಮೊದಲೇ ನಿರ್ಧರಿಸಬೇಕು. ಕಲ್ಲು–ಜರಿಯ ಕೆಲಸವಿರುವ ಮದುವೆಯ ದುಪಟ್ಟಾವನ್ನು ನೇರವಾಗಿ ಹಿಜಾಬಿಗೆ ಪಿನ್ನು ಮಾಡಿದರೆ ಊಟದ ಹೊತ್ತಿಗೆ ಎರಡೂ ಹಿಂದಕ್ಕೆ ಎಳೆದುಕೊಂಡು ಹುಡುಗಿಗೆ ತಲೆನೋವು ಬಂದಿರುತ್ತದೆ. ಜಡೆಯನ್ನು ಹೆಡಕಿನ ಬಳಿ ಗಟ್ಟಿ ಗಂಟು ಮಾಡಿ, ಅದರ ಮೇಲೆ ಹತ್ತಿಯ ಒಳಟೋಪಿ ತೊಡಿಸಿ, ಆಮೇಲೆ ದುಪಟ್ಟಾದ ಮುಖ್ಯ ಬಣ್ಣದ್ದೇ ಆದ ಸಾದಾ ಜರ್ಸಿ ಹಿಜಾಬನ್ನು ಮುಖಕ್ಕೆ ಸರಿಯಾಗಿ ಕೂರಿಸಬೇಕು. ದುಪಟ್ಟಾದ ಭಾರವನ್ನು ಆ ಗಂಟಿನ ಮೇಲೆಯೂ ಎರಡು ಭುಜಗಳ ಮೇಲೆಯೂ, ಹೀಗೆ ಮೂರು ಕಡೆ ಹಂಚಿ ದೊಡ್ಡ ಸೇಫ್ಟಿ ಪಿನ್ನು ಹಾಕಿ. ತೆಳು ಜಾರ್ಜೆಟ್ಟನ್ನು ಹಿಜಾಬಾಗಿ ಬಳಸಬೇಡಿ, ಫ್ಲ್ಯಾಷ್ ಬೆಳಕಿನಲ್ಲಿ ಒಳಟೋಪಿಯ ಅಂಚು ಫೋಟೊದಲ್ಲಿ ಗೆರೆಯಾಗಿ ಕಾಣುತ್ತದೆ. ಹೊಳೆಯುವ ಬಿಳಿ ಸ್ಯಾಟಿನ್ ವೇದಿಕೆಯ ದೀಪಗಳ ಕೆಳಗೆ ಕಣ್ಣಿಗೆ ಹೊಡೆಯುತ್ತದೆ. ಬಿಳಿಯೇ ಬೇಕಿದ್ದರೆ ಕೆನೆ ಬಣ್ಣಕ್ಕೆ ಹೋಗಿ.

ಚಿನ್ನದ ವಿಷಯದಲ್ಲಿ, ಕುತ್ತಿಗೆಗೆ ಅಂಟಿದ ನೆಕ್ಲೆಸ್ ಹಿಜಾಬಿನ ನೆರಿಗೆಗಳಲ್ಲಿ ಮುಳುಗಿಹೋಗುತ್ತದೆ. ಹಿಜಾಬಿನ ತುದಿಗಳನ್ನು ಹಿಂದಕ್ಕೆ ಒಯ್ದು ಎದೆಯ ಭಾಗವನ್ನು ಸಪಾಟಾಗಿಸಿ, ಅದರ ಮೇಲೆ ಉದ್ದನೆಯ ಹಾರ ಹಾಕಿ. ನೆಕ್ಲೆಸ್ ಹಾಕಲೇಬೇಕೆಂದರೆ ಅದರ ದಾರವನ್ನು ಉದ್ದ ಮಾಡಿಸಿ ಹಿಜಾಬಿನ ಮೇಲೆಯೇ ಕಟ್ಟಬೇಕು. ಹಣೆಯ ಟೀಕಾದ ಕೊಕ್ಕೆಯನ್ನು ಒಳಟೋಪಿಗೆ ಹೊಲಿದು, ಸರಪಳಿ ಹಿಜಾಬಿನ ಮೇಲೆ ಬರುವಂತೆ ನೆತ್ತಿಯಲ್ಲಿ ಸಣ್ಣ ಎಡೆ ಬಿಡಿಸಿ. ಓಲೆಗಳನ್ನು ತೋರಿಸಬೇಕೆಂದಿದ್ದರೆ ಕಿವಿಯ ಹಾಲೆಗೆ ತೊಡಿಸುವುದನ್ನು ಬಿಟ್ಟು, ಮಾಟಿಯ ಸರಪಳಿಯನ್ನು ಬಟ್ಟೆಗೆ ಎರಡು ಹೊಲಿಗೆ ಹಾಕಿ ಅದರಿಂದ ಓಲೆ ಜೋತುಬೀಳುವಂತೆ ಮಾಡಬಹುದು. ಕಿವಿಯಂಚಿನ ಉದ್ದಕ್ಕೂ ಅಲಿಕತ್ ತೊಡುತ್ತಿದ್ದ ಅಜ್ಜಿಯಂದಿರ ಆಭರಣ ನಿಮ್ಮ ಮನೆಯಲ್ಲಿ ಉಳಿದಿದ್ದರೆ, ಅದನ್ನು ಹಿಜಾಬಿನ ಕೆನ್ನೆಯ ಅಂಚಿಗೆ ಸಾಲಾಗಿ ಹೊಲಿದು ನೋಡಿ. ಬಾಡಿಗೆಯ ಸೆಟ್ಟಿಗಿಂತ ಅದರ ಚೆಲುವೇ ಬೇರೆ.

ಮಲ್ಲಿಗೆಯನ್ನು ರೇಷ್ಮೆಗೆ ನೇರವಾಗಿ ಸಿಕ್ಕಿಸಬೇಡಿ. ಒದ್ದೆ ಹೂವಿನ ರಸ ಕಂದು ಕಲೆಯಾಗಿ ನಿಲ್ಲುತ್ತದೆ. ಒಂದು ಗೇಣು ಅಗಲದ ನೆಟ್ ಬಟ್ಟೆಯ ಮೇಲೆ ಉಡುಪಿ ಮಲ್ಲಿಗೆಯ ಮಾಲೆಗಳನ್ನು ಪಕ್ಕಪಕ್ಕಕ್ಕೆ ಹೊಲಿಸಿ, ಆ ನೆಟ್ಟನ್ನು ಹಿಜಾಬಿನ ಹಿಂಬದಿಗೆ, ಗಂಟಿನ ಕೆಳಗೆ ಪಿನ್ನು ಮಾಡಿಸಿ. ಹೂ ಬಾಡಿದಾಗ ಹಿಜಾಬ್ ಬಿಚ್ಚದೆಯೇ ನೆಟ್ಟನ್ನು ಮಾತ್ರ ತೆಗೆಯಬಹುದು. ಇಷ್ಟನ್ನೂ ಮದುವೆಯ ಹಿಂದಿನ ವಾರ ಒಮ್ಮೆ ಪೂರ್ತಿಯಾಗಿ ತೊಡಿಸಿ, ಮಗಳನ್ನು ಕುಳ್ಳಿರಿಸಿ, ಎಬ್ಬಿಸಿ, ತಲೆ ಬಾಗಿಸಿ ನೋಡಿ. ದೊಡ್ಡವರಿಗೆ ಸಲಾಂ ಹೇಳಲು ಬಾಗುವಾಗ ಜಾರುವುದು ಏನೆಂದು ಅಂದೇ ತಿಳಿಯುತ್ತದೆ.

ಪ್ರಶ್ನೆ: ಹಿಜಾಬ್ ತೊಡಲು ಆರಂಭಿಸಿದ ಮೇಲೆ ಹಣೆಯ ಬಳಿ ಕೂದಲು ತೆಳ್ಳಗಾಗುತ್ತಿದೆ. ಹಿಜಾಬೇ ಕಾರಣವೇ?
— ವಿಜಯಪುರ

ಉತ್ತರ: ಬಟ್ಟೆ ಮುಚ್ಚಿದ ಮಾತ್ರಕ್ಕೆ ಕೂದಲು ಉದುರುವುದಿಲ್ಲ, ಎಳೆತದಿಂದ ಉದುರುತ್ತದೆ. ಒಳಟೋಪಿಯ ಎಲಾಸ್ಟಿಕ್ ಹಣೆಯಂಚನ್ನು ದಿನವೂ ಬಿಗಿಯುತ್ತಿದ್ದರೆ, ಕೂದಲನ್ನು ಹಿಂದಕ್ಕೆ ಎಳೆದು ಬಿಗಿಯಾಗಿ ಗಂಟು ಹಾಕುತ್ತಿದ್ದರೆ ಅಂಚಿನ ಕೂದಲು ಬುಡದಿಂದ ಸಡಿಲವಾಗುತ್ತದೆ. ಎಲಾಸ್ಟಿಕ್ ಇಲ್ಲದ, ಹಿಂದೆ ಕಟ್ಟುವ ಟೋಪಿ ಬಳಸಿ, ಬೈತಲೆಯನ್ನು ಆಗಾಗ ಬದಲಿಸಿ, ಒದ್ದೆ ಕೂದಲಿನ ಮೇಲೆ ಎಂದಿಗೂ ಹಿಜಾಬ್ ಕಟ್ಟಬೇಡಿ. ಬದಲಾವಣೆ ಕಾಣದಿದ್ದರೆ ಚರ್ಮವೈದ್ಯರ ಬಳಿ ಹೋಗಿ. ರಕ್ತಹೀನತೆ, ಥೈರಾಯ್ಡ್ ಮೊದಲಾದ ಕಾರಣಗಳೂ ಇರಬಹುದು.

ಪ್ರಶ್ನೆ: ಮಗಳು ಶಾಲೆಯ ಥ್ರೋಬಾಲ್ ತಂಡದಲ್ಲಿದ್ದಾಳೆ. ಓಡುವಾಗ ಸ್ಕಾರ್ಫ್ ಬಿಚ್ಚಿಕೊಳ್ಳುತ್ತದೆ. ಆಟಕ್ಕೆಂದೇ ಹಿಜಾಬ್ ಇದೆಯೇ?
— ಭಟ್ಕಳ

ಉತ್ತರ: ಇದೆ. ಫುಟ್‌ಬಾಲಿನ ಜಾಗತಿಕ ಸಂಸ್ಥೆ ಫಿಫಾ 2014ರಲ್ಲಿ, ಬಾಸ್ಕೆಟ್‌ಬಾಲಿನ ಫೀಬಾ 2017ರಲ್ಲಿ ತಲೆವಸ್ತ್ರಕ್ಕೆ ಅವಕಾಶ ಕೊಟ್ಟವು. ಅದೇ ಸುಮಾರಿಗೆ ದೊಡ್ಡ ಕಂಪನಿಗಳೂ ಈ ಕಡೆ ಗಮನ ಹರಿಸಿದವು. ನೈಕಿಯ ಆಟದ ಹಿಜಾಬ್ ಮಾರುಕಟ್ಟೆಗೆ ಬಂದದ್ದು 2017ರ ಕೊನೆಯಲ್ಲಿ. ಅದಕ್ಕೂ ಮೊದಲೇ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕತ್ತಿವರಸೆ ಆಟಗಾರ್ತಿ ಇಬ್ತಿಹಾಜ್ ಮುಹಮ್ಮದ್ ಹಿಜಾಬ್ ತೊಟ್ಟೇ ತಂಡದೊಂದಿಗೆ ಕಂಚು ಗೆದ್ದಿದ್ದರು. ಕಂಪನಿಯ ಮಾಲು ದುಬಾರಿ. ಹೊಸೈರಿ ಬಟ್ಟೆ ಹೊಲಿಯಲು ಬರುವ ದರ್ಜಿಯಿಂದ ಟೀ ಶರ್ಟಿನ ಬಟ್ಟೆಯಲ್ಲಿಯೇ, ಗಾಳಿಯಾಡುವ ಜಾಲರಿಯದಾದರೆ ಇನ್ನೂ ಉತ್ತಮ, ತಲೆಯಿಂದ ನೇರ ತೊಡುವ ಕೊಳವೆಯಾಕಾರದ ಹಿಜಾಬ್ ಹೊಲಿಸಿಕೊಳ್ಳಬಹುದು. ಹಿಂಭಾಗ ಉದ್ದವಾಗಿದ್ದು ಜರ್ಸಿಯೊಳಗೆ ಸಿಕ್ಕಿಸುವಂತಿರಲಿ, ಪಿನ್ನು ಒಂದೂ ಬೇಡ, ಕಿವಿಯ ಬಳಿ ಬಟ್ಟೆ ಎರಡು ಪದರ ಆಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಜೊತೆಗಾರ್ತಿಯರ ಕೂಗು ಕೇಳಿಸುವುದಿಲ್ಲ. ಪಂದ್ಯಾವಳಿಯ ಸಮವಸ್ತ್ರ ನಿಯಮವನ್ನು ಮಾತ್ರ ಹೊಲಿಸುವ ಮೊದಲೇ ದೈಹಿಕ ಶಿಕ್ಷಕರಲ್ಲಿ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಪಾಸ್‌ಪೋರ್ಟ್ ಫೋಟೊಗೆ ಹಿಜಾಬ್ ತೆಗೆಯಬೇಕೇ?
— ಹಾಸನ

ಉತ್ತರ: ಬೇಕಿಲ್ಲ. ಧಾರ್ಮಿಕ ಕಾರಣದ ತಲೆವಸ್ತ್ರಕ್ಕೆ ಅವಕಾಶವಿದೆ, ಆದರೆ ಗದ್ದದ ತುದಿಯಿಂದ ಹಣೆಯ ಮೇಲ್ಭಾಗದವರೆಗೆ ಮತ್ತು ಮುಖದ ಎರಡೂ ಅಂಚುಗಳು ಸ್ಪಷ್ಟವಾಗಿ ಕಾಣಬೇಕು. ಹಿನ್ನೆಲೆ ಬಿಳಿಯಾಗಿರುವುದರಿಂದ ಗಾಢ ಬಣ್ಣದ, ಹೊಳಪಿಲ್ಲದ ಶಾಲು ತೊಡಿ, ಕೆನ್ನೆಯ ಮೇಲೆ ನೆರಳು ಬೀಳದಂತೆ ಅಂಚನ್ನು ಹಿಂದಕ್ಕೆ ಸರಿಸಿ.

ಪ್ರಶ್ನೆ: ನನ್ನ ಸಹೋದ್ಯೋಗಿಯೊಬ್ಬರಿಗೆ ಹಬ್ಬಕ್ಕೆ ಹಿಜಾಬ್ ಉಡುಗೊರೆ ಕೊಡಬೇಕೆಂದಿದ್ದೇನೆ. ನಾನು ಹಿಂದೂ, ನನಗೆ ಇದರ ಗಂಧಗಾಳಿ ಇಲ್ಲ. ತಪ್ಪು ತಿಳಿದಾರೇ?
— ಮೈಸೂರು

ಉತ್ತರ: 180ಕ್ಕೆ 70 ಸೆಂಟಿಮೀಟರಿನ ಸಾದಾ ಮೋಡಲ್ ಶಾಲು ಕೊಡಿ, ಅದು ಹೆಚ್ಚಿನ ಶೈಲಿಗಳಿಗೆ ಒದಗುತ್ತದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಹೆಚ್ಚು ಮುದುಡಬಾರದು, ಬೆಳಕಿಗೆ ಎರಡು ಪದರ ಹಿಡಿದರೆ ಆಚೆಯ ಬೆರಳು ಕಾಣಬಾರದು. ಅವರು ದಿನವೂ ತೊಡುವ ಬಣ್ಣಗಳನ್ನು ಒಂದು ವಾರ ಸುಮ್ಮನೆ ಗಮನಿಸಿ, ಅದಕ್ಕಿಂತ ಒಂದು ಛಾಯೆ ಗಾಢವಾದದ್ದನ್ನು ಕೊಳ್ಳಿ. ಸಿದ್ಧವಾಗಿ ಹೊಲಿದು ಬರುವ ತಲೆಯಿಂದ ತೊಡುವ ಹಿಜಾಬ್ ಬೇಡ, ಅದಕ್ಕೆ ಮುಖದ ಅಳತೆ ಬೇಕಾಗುತ್ತದೆ. ರೇಷ್ಮೆ ಕೊಡಲು ಹಿಂಜರಿಯಬೇಕಿಲ್ಲ, ಇಸ್ಲಾಮಿನಲ್ಲಿ ರೇಷ್ಮೆಯ ನಿಷೇಧವಿರುವುದು ಗಂಡಸರಿಗೆ. ತಪ್ಪು ತಿಳಿಯುವ ಪ್ರಶ್ನೆಯೇ ಬರುವುದಿಲ್ಲ. ಆದರೂ ಬಿಲ್ಲನ್ನು ಚೀಲದಲ್ಲೇ ಬಿಡಿ, ಬಣ್ಣ ಒಪ್ಪದಿದ್ದರೆ ಅವರೇ ಬದಲಿಸಿಕೊಳ್ಳಲಿ.